ಹಡಗಿನಲ್ಲಿ ನನ್ನ ಮೂಗು ಕಟ್ಟಿದ ವಾರ

ಆ ಹಡಗಿಗೆ ಕಾಲಿಟ್ಟ ಮೇಲೆ ನಾನು ಮೊದಲು ಹೊಟ್ಟೆಕಿಚ್ಚು ಪಟ್ಟಿದ್ದು ಒಂದು ಮಂಚ ನೋಡಿ. ಕ್ಯಾಬಿನ್ನಿನಲ್ಲಿ ಇದ್ದದ್ದು ಎರಡೇ ಮಂಚ, ಒಂದರ ಮೇಲೊಂದು. ಕೆಳಗಿನದಕ್ಕೆ ಆಗಲೇ ಹೂವಿನ ಹೊದಿಕೆ ಹಾಸಿ, ದಿಂಬಿನ ಪಕ್ಕ ಸಣ್ಣ ಕನ್ನಡಿ ಇಟ್ಟು, ಫೋನಿನ ಚಾರ್ಜರ್ ಸಿಕ್ಕಿಸಿ, ಪಟ್ಟಣದವಳು ಸಂಸಾರ ಹೂಡಿಬಿಟ್ಟಿದ್ದಳು. ಮೇಲಿನದಕ್ಕೆ ಹೋಗಬೇಕಾದರೆ ಮೂರು ಕಬ್ಬಿಣದ ಮೆಟ್ಟಿಲು ಹತ್ತಬೇಕು. ನನಗೆ ಮೂವತ್ತೊಂಬತ್ತು ವರ್ಷ, ಎಡಮಂಡಿ ಸರಿ ಇಲ್ಲ.

"ಅಕ್ಕ, ನೀವು ಕೆಳಗಡೆ ಮಲಗ್ತೀರಾ? ನಾನು ಮೇಲಕ್ಕೆ ಓಯ್ತೀನಿ," ಅಂದಳು.

"ಬ್ಯಾಡ ಬ್ಯಾಡ. ನಾನೇನು ಮುದುಕಿ ಆಗೋಗಿದ್ದೀನಾ?" ಅಂದು ಹತ್ತಿದೆ. ಅವಳು ಕೇಳದೇ ಇದ್ದಿದ್ದರೆ ನಾನೇ ಕೇಳಿ ಕೆಳಗೆ ಮಲಗುತ್ತಿದ್ದೆ. ಅವಳಾಗೇ ಕೊಟ್ಟಳಲ್ಲ, ಅದಕ್ಕೇ ಬೇಡವಾಯಿತು.

ಪಟ್ಟಣದವಳು ಅಂದರೆ ಚನ್ನರಾಯಪಟ್ಟಣದವಳು. ನಮ್ಮ ಕಡೆ ಅದನ್ನು ಬರೀ ಪಟ್ಟಣ ಅನ್ನುವುದು. ಇಪ್ಪತ್ತೈದರ ಹುಡುಗಿ. ಅಪ್ಪನಿಗೆ ತೆಂಗಿನಕಾಯಿ ವ್ಯಾಪಾರ. ಹಾಸನದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು, ಇಂಗ್ಲಿಷು ಹಿಂದಿ ಎರಡೂ ನೀರು ಕುಡಿದಂಗೆ. ನಾನು ಕೊಣನೂರಿನವಳು, ಕೊಟ್ಟಿರುವುದು ಹೊಳೆನರಸೀಪುರಕ್ಕೆ. ಅಡುಗೆ ಕಲಿತದ್ದು ಮದುವೆ ಮನೆಗಳಲ್ಲಿ ಅವ್ವನ ಹಿಂದೆ ನಿಂತು, ಆಮೇಲೆ ಹಾಸನದ ಒಂದು ಹೋಟೆಲಿನ ಒಳಮನೆಯಲ್ಲಿ. ಗಂಗಾ ನದಿಯ ಮೇಲೆ ಓಡಾಡುವ ಐಷಾರಾಮಿ ಹಡಗಿಗೆ ದಕ್ಷಿಣದ ಅಡುಗೆಯವರು ಬೇಕು ಅಂತ ಕಂಪನಿಯವರು ಹಾಸನಕ್ಕೆ ಬಂದಿದ್ದರು. ನಮ್ಮಿಬ್ಬರನ್ನೂ ಆರಿಸಿದರು. "ಚಳಿಗಾಲದ ಮೊದಲ ಪ್ರಯಾಣಕ್ಕೆ ಇಬ್ಬರೂ ಬನ್ನಿ, ಹದಿನಾಲ್ಕು ದಿನ. ಅದು ಮುಗಿದ ಮೇಲೆ ಒಬ್ಬರು ಸೀಸನ್ ಪೂರ್ತಿ ಇರ್ತಾರೆ, ಒಬ್ಬರು ವಾಪಸ್ ರೈಲು ಹತ್ತುತಾರೆ," ಅಂದರು.

ಆ ಜಾಗ ನನಗೆ ಯಾಕೆ ಬೇಕಿತ್ತು ಅಂತ ಹೇಳಿಬಿಡುತ್ತೇನೆ. ಅವ್ವ ನಲವತ್ತು ವರ್ಷ ಮದುವೆಗಳಿಗೆ ಬೇಯಿಸಿದಳು. ಅಡುಗೆ ಕಾಂಟ್ರಾಕ್ಟಿನ ಕಾರ್ಡಿನಲ್ಲಿ ಇದ್ದದ್ದು ನನ್ನ ಸೋದರಮಾವನ ಹೆಸರು. ಉಂಡವರು ಮಾವನ ಕೈ ಕುಲುಕಿ ಹೋಗುತ್ತಿದ್ದರು. ಅವ್ವ ಹಿತ್ತಲಲ್ಲಿ ಕೊಪ್ಪರಿಗೆ ತಿಕ್ಕಿಸುತ್ತಿದ್ದಳು. ಹಾಸನದ ಹೋಟೆಲಿನಲ್ಲಿ ನಾನೂ ಅಷ್ಟೆ, ಒಳಗಿನ ಹೆಂಗಸು. ಈ ಹಡಗಿನಲ್ಲಿ ಮಾತ್ರ ದಿನದ ಮೆನು ಕಾರ್ಡಿನಲ್ಲಿ ಪ್ರತಿ ಅಡುಗೆಯ ಕೆಳಗೆ ಮಾಡಿದವರ ಹೆಸರು ಅಚ್ಚಾಗುತ್ತಿತ್ತು. ಸೀಸನ್‌ಗೆ ಇರುವವರ ಹೆಸರು ಮಾತ್ರ. ನನಗೆ ಅದು ಬೇಕಿತ್ತು. ಹಾಸನದಲ್ಲಿ ಹೋಟೆಲಿನವರಿಗೂ, ಹೊಳೆನರಸೀಪುರದಲ್ಲಿ ಬೀದಿಯವರಿಗೂ ಹೇಳಿಕೊಂಡೇ ಬಂದಿದ್ದೆ.

ಹಡಗು ಮೂರು ಅಂತಸ್ತು. ಮೇಲೆ ಡೆಕ್ಕು, ನಡುವೆ ನಲವತ್ತು ಅತಿಥಿಗಳ ಕೋಣೆಗಳು, ಹೆಬ್ಬಾಗಿಲಂಥ ಕಿಟಕಿಗಳು. ಕೆಳಗೆ ನಾವು, ನಮ್ಮ ಗುಂಡು ಕಿಟಕಿಗೆ ನೀರು ಮಟ್ಟಸ. ಅಡುಗೆಮನೆಗೆ ಗ್ಯಾಲಿ ಅನ್ನುತ್ತಿದ್ದರು. ಉರಿ ಅನ್ನುವುದು ಎಲ್ಲೂ ಇಲ್ಲ, ಎಲ್ಲ ಇಂಡಕ್ಷನ್ ಒಲೆ. ಕಪಾಟುಗಳಿಗೆ ಅಡ್ಡಪಟ್ಟಿ, ಹಡಗು ತೊನೆದರೆ ಡಬ್ಬ ಬೀಳಬಾರದು ಅಂತ. ತರಕಾರಿಗೆ ಹಸಿರು ಹಲಗೆ, ಮಾಂಸಕ್ಕೆ ಕೆಂಪು. ಗೋಡೆಯ ಮೇಲೆ ಎರಡು ಕಟ್ಟಲೆ ಬರೆದು ಅಂಟಿಸಿದ್ದರು. ಒಂದು, ನೆಗಡಿ, ಕೆಮ್ಮು, ಭೇದಿ ಏನೇ ಆದರೂ ಕೂಡಲೇ ಹೇಳಬೇಕು, ಎರಡು ದಿನ ಗ್ಯಾಲಿಗೆ ಬರಬಾರದು. ಇನ್ನೊಂದು, ಒಲೆಯಿಂದ ಇಳಿಸುವ ಮುಂಚೆ ಪ್ರತಿ ಪಾತ್ರೆಯದೂ ಚಮಚದಲ್ಲಿ ರುಚಿ ನೋಡಿ ಹಾಳೆಯಲ್ಲಿ ಗುರುತು ಹಾಕಬೇಕು.

ಗ್ಯಾಲಿಯ ಯಜಮಾನರು ಕೋಲ್ಕತ್ತಾದ ದೊಡ್ಡ ಷೆಫ್. ಐವತ್ತೈದು ದಾಟಿದವರು, ದನಿ ಎತ್ತುತ್ತಿರಲಿಲ್ಲ. ಅವರ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಪಟ್ಟಣದವಳು ಬಿಡಿಸಿ ಹೇಳುತ್ತಿದ್ದಳು. ಅದೂ ನನಗೊಂದು ಉರಿ.

ಮೊದಲ ಪೆಟ್ಟು ಬಿದ್ದದ್ದು ದೋಸೆ ಹಿಟ್ಟಿನಲ್ಲಿ. ಹಾಸನದಲ್ಲೂ ಚಳಿ ಇದೆ, ಆದರೆ ನಮ್ಮ ಅಡುಗೆಮನೆಗೆ ದಿನವಿಡೀ ಒಲೆಯ ಕಾವು ಇರುತ್ತದೆ. ಇಲ್ಲಿ ಪಾತ್ರೆ ಇಳಿಸಿದ ಮರುಗಳಿಗೆ ಒಲೆ ತಣ್ಣಗೆ, ಗೋಡೆಯೆಲ್ಲ ಉಕ್ಕು, ಅದರಾಚೆ ಚಳಿಗಾಲದ ಗಂಗೆ. ಮಧ್ಯಾಹ್ನ ರುಬ್ಬಿದ ಹಿಟ್ಟು ಮರುದಿನ ಬೆಳಿಗ್ಗೆಗೂ ಹೇಗಿತ್ತೋ ಹಾಗೇ.

"ಅಕ್ಕ, ಲಾಂಡ್ರಿ ರೂಮಲ್ಲಿ ಬಟ್ಟೆ ಒಣಗ್ಸೋ ಮಿಷಿನ್ ಪಕ್ಕ ಇಡಾಣ, ಬೆಚ್ಚಗಿರ್ತದೆ. ಉಪ್ಪು ಮಾತ್ರ ಈಗ್ಲೇ ಬ್ಯಾಡ, ಉಬ್ಬಿದ್ ಮೇಲೆ ಹಾಕಾಣ," ಅಂದಳು ಹುಡುಗಿ.

"ನೀನು ತೊಟ್ಲಲ್ಲಿದ್ದಾಗ್ಲೇ ನಾನು ಹಿಟ್ಟು ರುಬ್ಬುತಿದ್ದೆ ಕಣಮ್ಮಿ. ನಂಗೆ ಯೋಳ್ಕೊಡಬ್ಯಾಡ," ಅಂದೆ.

ಹಿಟ್ಟನ್ನು ಪಾಲು ಮಾಡಿಕೊಂಡೆವು. ಅವಳದು ಲಾಂಡ್ರಿಗೆ ಹೋಯಿತು. ನನ್ನದಕ್ಕೆ ರೂಢಿಯಂತೆ ಉಪ್ಪು ಹಾಕಿ, ನನ್ನ ಶಾಲನ್ನೇ ಸುತ್ತಿ ಮೂಲೆಯಲ್ಲಿಟ್ಟೆ. ಬೆಳಿಗ್ಗೆ ಅವಳ ಪಾತ್ರೆ ಮುಚ್ಚಳ ಎತ್ತಿಕೊಂಡು ನಿಂತಿತ್ತು, ನನ್ನದು ಪಾತ್ರೆಯ ತಳದಲ್ಲಿ ಮಲಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಕ್ಕಿ ಸರಿ ಇಲ್ಲ ಅಂದೆ. ಮಾರನೆಯ ದಿನ ಯಾರಿಗೂ ಕಾಣದ ಹಾಗೆ ನನ್ನ ಪಾತ್ರೆಯನ್ನೂ ಲಾಂಡ್ರಿಗೆ ಒಯ್ದು ದಿಂಬಿನ ಚೀಲಗಳ ಹಿಂದೆ ಬಚ್ಚಿಟ್ಟೆ. ಲಾಂಡ್ರಿಯವನು ಅದನ್ನು ಹೊತ್ತುಕೊಂಡು ಗ್ಯಾಲಿಗೇ ಬಂದು, ಇದು ಯಾರದು ಅಂತ ಎಲ್ಲರ ಎದುರಿಗೆ ಕೇಳಿದ. ಹುಡುಗಿ ಮುಂದೆ ಬಂದು ನಂದೇ ಅಂತ ಇಸಕೊಂಡಳು. ನನ್ನ ಮಾನ ಉಳಿಸಿದಳು ಅಂತ ಬೇರೆಯವರಾದರೆ ಅಂದುಕೊಳ್ಳುತ್ತಿದ್ದರು. ನನಗೆ ಅವಳ ಒಳ್ಳೆಯತನ ಕಂಡು ಇನ್ನಷ್ಟು ಮೈ ಉರಿಯಿತು.

ಬೆಳಿಗ್ಗೆ ಎಂಟಕ್ಕೆ ಡೆಕ್ಕಿನ ಮೇಲೆ ದೋಸೆ ಕೌಂಟರ್. ಮಂಜು ಎಷ್ಟು ದಟ್ಟ ಅಂದರೆ ದಡ ಕಾಣುತ್ತಿರಲಿಲ್ಲ. ಅದು ಕರಗುವ ತನಕ ಹಡಗು ಲಂಗರು ಹಾಕಿಕೊಂಡು ನಿಲ್ಲುತ್ತಿತ್ತು, ಅತಿಥಿಗಳು ಶಾಲು ಹೊದ್ದು, ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ದೋಸೆ ಹುಯ್ಯುವುದನ್ನೇ ನೋಡುತ್ತಾ ಕೂರುತ್ತಿದ್ದರು. ಹುಯ್ಯುವವಳು ಅವಳು. ಚಟ್ನಿ, ಪಲ್ಯ ಕೆಳಗಿನಿಂದ ಹೊತ್ತು ತರುವವಳು ನಾನು. ಅವಳು ಕಾವಲಿ ಮೇಲೆ ಸೌಟು ತಿರುಗಿಸುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳುವಳು, ಅವರು ನಗುವರು, ಒಬ್ಬ ವಿದೇಶಿ ಅಜ್ಜಿ ದಿನಾ ಅವಳ ಫೋಟೊ ಹಿಡಿಯುವಳು. ಆ ಪಲ್ಯ ನಾನು ಮಾಡಿದ್ದು ಅಂತ ಹೇಳೋಣ ಅಂದರೆ ನನ್ನ ಬಾಯಲ್ಲಿ ಇಂಗ್ಲಿಷು ಎಲ್ಲಿದೆ? ಅವಳು ಏನು ಹೇಳಿ ನಗಿಸುತ್ತಾಳೋ, ನನ್ನ ಬಗ್ಗೆಯೇ ಇರಬಹುದಾ ಅಂತ ಒಂದು ದಿನವೆಲ್ಲ ಕೊರಗಿದೆ.

ಸಂಜೆ ಫೋನಿಗೆ ಸಿಗ್ನಲ್ ಸಿಕ್ಕಾಗ ಅವಳ ಅಮ್ಮ ಮಾಡುವರು. ಏನ್ ತಿಂದೆ ಮಗಳೇ, ತಲೆಗೆ ಎಣ್ಣೆ ಇಟ್ಕೊಂಡ್ಯಾ, ಕಾಲು ಬೆಚ್ಚಗಿಟ್ಕೊ. ಮೇಲಿನ ಮಂಚಕ್ಕೆ ಎಲ್ಲ ಕೇಳುತ್ತಿತ್ತು. ನನ್ನ ಗಂಡ ಮಾಡುತ್ತಿದ್ದ. "ಗ್ಯಾಸ್ ಬುಕ್ಕು ಎಲ್ ಮಡಗಿದ್ದೀಯೆ?" ಅನ್ನುತ್ತಿದ್ದ. ಹೇಳುತ್ತಿದ್ದೆ. ಇಟ್ಟುಬಿಡುತ್ತಿದ್ದ.

ನೆಗಡಿ ಬಂದದ್ದೂ ಹೊಟ್ಟೆಕಿಚ್ಚಿನಿಂದಲೇ. ಅತಿಥಿಗಳ ಮುಂದೆ ಬಿಳಿ ಕೋಟಿನ ಒಳಗೆ ಬಿಳಿ ಸ್ವೆಟರ್ ಮಾತ್ರ ಹಾಕಬಹುದು ಅಂತ ನಿಯಮ. ನನ್ನದು ಕಾಫಿಪುಡಿ ಬಣ್ಣದ್ದು. ಅವಳಿಗೆ ಅಮ್ಮ ಎರಡು ಬಿಳಿ ಸ್ವೆಟರ್ ಕಳಿಸಿದ್ದರು. "ಒಂದು ನೀವು ಹಾಕ್ಕೊಳಿ ಅಕ್ಕ," ಅಂದಳು. ನನಗೇನು ಚಳಿಯಿಲ್ಲ ಅಂದು ತೆಳುವಾದ ಕೋಟಿನಲ್ಲೇ ಮಂಜಿನೊಳಗೆ ಆರು ದಿನ ಮೇಲೆ ಕೆಳಗೆ ಓಡಾಡಿದೆ. ಏಳನೆಯ ದಿನ ಎದ್ದಾಗ ಮೂಗು ಎರಡೂ ಕಡೆ ಕಟ್ಟಿತ್ತು. ಬೆಳ್ಳುಳ್ಳಿ ಜಜ್ಜಿ ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಇಂಗಿನ ಡಬ್ಬ ತೆಗೆದೆ. ಅದೂ ಇಲ್ಲ.

ಬೇರೆ ಅಡುಗೆಯವರಿಗೆ ನೆಗಡಿ ಬಂದರೆ ನೆಗಡಿ ಅಷ್ಟೆ. ನನಗೆ ಹಾಗಲ್ಲ. ನಮ್ಮ ಮನೆಯಲ್ಲಿ ಬಡಿಸುವ ಮುಂಚೆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ಮದುವೆ ಮನೆಯಲ್ಲಿ ಮೊದಲ ಎಲೆ ಮಂತ್ರ ಹೇಳಲು ಬಂದ ಅಯ್ನೋರದು. ಅವರ ಪಂಕ್ತಿ ಏಳುವ ತನಕ ಸೌಟು ನೆಕ್ಕಿದರೆ ಅದು ಎಂಜಲು. ಅವ್ವ ಇನ್ನೂರು ಜನರ ಸಾರಿಗೆ ಉಪ್ಪು ಹಾಕಿ, ಮುಚ್ಚಳ ತೆಗೆದು, ಹಬೆಗೆ ಮುಖ ಒಡ್ಡಿ ಹೇಳುತ್ತಿದ್ದಳು, ಇನ್ನರ್ಧ ಹಿಡಿ ಬೇಕು ಅಂತ. ಉಪ್ಪು ಬಿದ್ದ ಸಾರಿನ ಹಬೆಗೂ ಬೀಳದ ಸಾರಿನ ಹಬೆಗೂ ವ್ಯತ್ಯಾಸ ಇದೆ. ನಂಬದವರು ನಂಬಬೇಡಿ. ಇಪ್ಪತ್ತು ವರ್ಷ ನಾನೂ ಹಾಗೇ ಮಾಡಿದ್ದೇನೆ, ಯಾರೂ ಎಲೆ ಮುಂದೆ ಉಪ್ಪು ಕೇಳಿಲ್ಲ. ಹಡಗಿನಲ್ಲೂ ಷೆಫ್ ನೋಡುವಾಗ ಚಮಚ ತುಂಬಿ ಬಾಯಿಯ ತನಕ ಒಯ್ದು, ತಿರುಗಿ ನಿಂತು, ತೊಟ್ಟಿಗೆ ಚೆಲ್ಲಿ, ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದೆ.

ಕಟ್ಟಲೆಯ ಪ್ರಕಾರ ಹೋಗಿ ಹೇಳಬೇಕಿತ್ತು. ಹೇಳಿದರೆ ಎರಡು ದಿನ ಕ್ಯಾಬಿನ್ನಿನಲ್ಲಿ ಕೂರಬೇಕು, ಗ್ಯಾಲಿ ಪೂರ್ತಿ ಅವಳ ಕೈಗೆ. ಅದನ್ನು ನೆನೆದರೇ ಹೊಟ್ಟೆಗೆ ಬೆಂಕಿ ಬಿದ್ದಂಗಾಗುತ್ತಿತ್ತು. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಈರುಳ್ಳಿ ಹೆಚ್ಚುವ ಕೆಲಸ ಕೇಳಿ ತೆಗೆದುಕೊಂಡು, ಕಣ್ಣುಮೂಗು ಸೋರಿದರೆ ಈರುಳ್ಳಿ ಮೇಲೆ ಹಾಕಿದೆ. ಉಪ್ಪು, ಹುಳಿಯನ್ನು ಅಳತೆಯ ಮೇಲೆ ನಡೆಸಿದೆ. ಬಟ್ಟಲು ಲೆಕ್ಕ, ಚಮಚ ಲೆಕ್ಕ. ನಾಲ್ಕು ದಿನ ಹಾಗೇ ದಾಟಿತು.

ಹನ್ನೊಂದನೆಯ ದಿನ ದೊಡ್ಡ ಷೆಫ್ ಇಬ್ಬರನ್ನೂ ನಿಲ್ಲಿಸಿಕೊಂಡು, ನಾಳೆ ಮಧ್ಯಾಹ್ನ ಡೆಕ್ಕಿನ ಮೇಲೆ ಬಾಳೆ ಎಲೆ ಊಟ, ನಿಮ್ಮ ಊರಿನದು, ಅದು ನೋಡಿ ತೀರ್ಮಾನ ಹೇಳುತ್ತೇನೆ ಅಂದರು. ಕೋಸಂಬರಿ, ಪಲ್ಯ, ಪಾಯಸ ಅವಳದು. ಚಿತ್ರಾನ್ನ ಮತ್ತು ಸಾರು ನನ್ನದು. ನಾನು ಹಿದುಕಿದ ಬೇಳೆ ಸಾರು ಮಾಡುತ್ತೇನೆ ಅಂದೆ. ಚಳಿಗಾಲದಲ್ಲಿ ಹಾಸನದ ಸೀಮೆಯವರ ನಾಲಿಗೆ ಕೇಳುವುದು ಅದನ್ನೇ. ಒಣ ಅವರೆಕಾಳು ಊರಿಂದ ತಂದಿದ್ದೆ, ಅವತ್ತೇ ಬೆಳಿಗ್ಗೆ ನೆನೆಹಾಕಿಯೂ ಆಗಿತ್ತು. ನೆನೆದ ಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಬೀಳುತ್ತದೆ. ನಲವತ್ತು ಜನಕ್ಕೆ ಸಾವಿರಾರು ಕಾಳು. ಸಂಜೆಯೆಲ್ಲ ಹಿದುಕಿದೆ. ಹುಡುಗಿ ತಾನೂ ಒಂದು ಬೋಗುಣಿ ಎಳೆದುಕೊಂಡು ಕೂತಳು. ಬೇಡ ಅನ್ನಲು ನನ್ನ ಬೆರಳು ಬಿಡಲಿಲ್ಲ, ನೆನೆದು ಸುಕ್ಕಾಗಿದ್ದವು. ಬೆಳಿಗ್ಗೆ ತನ್ನ ಪೆಟ್ಟಿಗೆಯಿಂದ ಎರಡು ತೆಂಗಿನಕಾಯಿ ತಂದಿಟ್ಟಳು. "ಇಲ್ಲಿ ಕಾಯಿ ನೀರ್ನೀರು ಅಕ್ಕ, ಸಾರಿಗೆ ಇದೇ ಹಾಕಿ," ಅಂದಳು. ಹಾಕಿದೆ. ಅವಳ ಕಾಯಿಯಿಂದ ನನ್ನ ಸಾರು ಗೆಲ್ಲಬೇಕಾಯಿತಲ್ಲ ಅಂತ ಕರುಬುತ್ತಲೇ ರುಬ್ಬಿದೆ.

ಊಟ ಒಂದಕ್ಕೆ. ಹನ್ನೆರಡರ ಹೊತ್ತಿಗೆ ಸಾರು ದೊಡ್ಡ ಪಾತ್ರೆಯಲ್ಲಿ ಒಂದು ಕುದಿ ಬಂತು. ಕೊತ್ತಂಬರಿ, ಚಕ್ಕೆ, ಲವಂಗ, ಬೆಳ್ಳುಳ್ಳಿ, ಕಾಯಿ ಎಲ್ಲ ರುಬ್ಬಿ ಹಾಕಿದ ಸಾರು, ಬೇಳೆ ಸೇರಿ ಗಟ್ಟಿಯಾಗಿತ್ತು. ಒಲೆಯ ಅಂಕಿ ಒಂಬತ್ತರಲ್ಲಿತ್ತು, ನಾಲ್ಕಕ್ಕೆ ಇಳಿಸಬೇಕಿತ್ತು. ಆ ಹೊತ್ತಿಗೆ ಚಿತ್ರಾನ್ನದ ತಟ್ಟೆ ಇಡಲು ಮೆಟ್ಟಿಲ ತನಕ ಹೋದವಳು ಮೇಲೆ ಕಣ್ಣು ಹಾಯಿಸಿದೆ. ಉದ್ದ ಮೇಜಿನ ಒಂದು ಸಾಲಿನಲ್ಲಿ ಬಾಳೆ ಎಲೆಗಳ ತುದಿ ಉಣ್ಣುವವರ ಬಲಕ್ಕೆ ಬಂದಿತ್ತು. ಎಲೆಯ ತುದಿ ಎಡಕ್ಕೆ ಇರಬೇಕು, ಮನೆಯ ಮಗುವಿಗೂ ಗೊತ್ತು. ಎಲೆ ಹಾಕಿಸುವ ಕೆಲಸ ಹುಡುಗಿಯದು. ಬಡಿಸುವವರು ಎದುರಿನ ಕಡೆಯಿಂದ ನಿಂತು ಹಾಕಿದ್ದಕ್ಕೆ ತಿರುಗಿಹೋಗಿತ್ತು, ಅವಳ ತಪ್ಪು ಅಂತೇನಲ್ಲ. ಆದರೆ ದೊಡ್ಡ ಷೆಫ್ ಅಲ್ಲೇ ನಿಂತಿದ್ದರು.

ನನಗಾದ ಸಂತೋಷ ಹೇಳತೀರದು. ಮಂಡಿ ನೋವು ಮರೆತು ಹತ್ತಿದೆ.

"ಏನಮ್ಮಿ ಇದು? ಎಲೆ ಹಾಕಕ್ಕೂ ಬರಾಕಿಲ್ವಾ ನಿಂಗೆ? ನಿಮ್ಮನೇಲಿ ಇಂಗೇನಾ ಉಣ್ಣದು?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಷೆಫ್ ಏನು ಅಂತ ಕೇಳಿದರು. ಅವಳೇ ತನ್ನ ತಪ್ಪನ್ನು ಅವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಮುಖ ಕೆಂಪಗಾಗಿತ್ತು. "ಸರಿ ಅಕ್ಕ, ತಿರುಗುಸ್ತೀನಿ," ಅಂದಳು. ನಾನು ಬಿಡಲಿಲ್ಲ. ಎಲೆ ಎಲೆಗೂ ಹೋಗಿ, ಉಪ್ಪು ಎಲ್ಲಿ, ಪಲ್ಯ ಎಲ್ಲಿ ಬೀಳಬೇಕು ಅಂತ ಬಡಿಸುವವರಿಗೆ ಕೈಸನ್ನೆಯಲ್ಲಿ ಪಾಠ ಮಾಡಿದೆ. ಕಾಲು ಗಂಟೆ ಹೋಯಿತು. ಅಷ್ಟು ಹಿಗ್ಗಿನ ಕಾಲು ಗಂಟೆ ಆ ಹಡಗಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಕೆಳಗೆ ಬಂದು ಸಾರಿನ ಮುಚ್ಚಳ ತೆಗೆದೆ. ಬಣ್ಣ ಚೆನ್ನಾಗಿತ್ತು. ಅಂಕಿ ನಾಲ್ಕಕ್ಕೆ ಇಳಿಸಿ, ಒಗ್ಗರಣೆಗೆ ತುಪ್ಪ ತೆಗೆಯುತ್ತಿದ್ದೆ. ಹಿಂದಿನಿಂದ ಹುಡುಗಿ ಬಂದಳು. ಬಾಗಿಲಲ್ಲೇ ನಿಂತಳು.

"ಅಕ್ಕ, ಸಾರು ತಳ ಹಿಡಿದದೆ."

"ಸುಮ್ಕಿರು."

"ಸೀದ್ ವಾಸ್ನೆ ಬತ್ತಾ ಐತೆ ಅಕ್ಕ. ಸೌಟು ಹಾಕ್ಬೇಡಿ, ಕಲಕಿದ್ರೆ ಪೂರ್ತಿ ಹೋಯ್ತದೆ."

ಮೇಲೆ ಮಾನ ಕಳೆದದ್ದಕ್ಕೆ ಕೆಳಗೆ ಬಂದು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತಲೇ ನನಗನ್ನಿಸಿದ್ದು. ಊಟಕ್ಕೆ ನಲವತ್ತು ನಿಮಿಷ ಇದೆ. ಈಗ ಪಾತ್ರೆ ಇಳಿಸಿದರೆ ನಾನು ಸೋತೆ. "ನನ್ ಸಾರು ಕಂಡು ಹೊಟ್ಟೆಕಿಚ್ಚು ಕಣೆ ನಿಂಗೆ," ಅಂದೆ. ಇದನ್ನು ನಾನು ಅವಳಿಗೆ ಅಂದೆ. ಈಗ ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.

ಅವಳು ಮೇಲಿನ ತಿಳಿಯನ್ನು ಚಮಚದಲ್ಲಿ ತೆಗೆದು ಮುಂದೆ ಹಿಡಿದಳು. "ನೀವೇ ನೋಡಿ."

"ಬಡ್ಸೋಕ್ ಮುಂಚೆ ನಾನು ಬಾಯಿಗಿಕ್ಕಲ್ಲ."

"ಗೊತ್ತು," ಅಂದಳು. "ಚಮಚದಾಗಿರೋದ ತೊಟ್ಟಿಗೆ ಚೆಲ್ತೀರಲ್ಲ, ಮೊದಲ್ನೇ ದಿನದಿಂದ ನೋಡಿದೀನಿ. ನಿಮ್ಗೆ ಐದು ದಿನದಿಂದ ಮೂಗು ಕಟ್ಟದೆ, ಅದೂ ಗೊತ್ತು. ರಾತ್ರಿಯೆಲ್ಲ ಬಾಯಲ್ಲಿ ಉಸ್ರಾಡ್ತೀರ. ಅಕ್ಕ, ನಿಮ್ಗೆ ಏನೂ ವಾಸ್ನೆ ಬತ್ತಿಲ್ಲ ಅಲ್ವಾ?"

ಐದು ದಿನದಿಂದ ತಿಳಿದಿದ್ದರೂ ಅವಳು ಷೆಫ್‌ಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಅವತ್ತೇ ಜಾಗ ಅವಳದಾಗುತ್ತಿತ್ತು. ನಾನಾಗಿದ್ದರೆ ಮೊದಲನೆಯ ದಿನವೇ ಹೇಳುತ್ತಿದ್ದೆ, ಅದೂ ಷೆಫ್ ಹತ್ತಿರ ಓಡಿ.

ಆ ಪಾತ್ರೆ ಮುಂದೆ ನಿಂತು ಲೆಕ್ಕ ಹಾಕಿದೆ. ಸಾರು ಸೀದಿದೆಯೋ ಇಲ್ಲವೋ ತಿಳಿಯಲು ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ. ಮೂಗು ಕಟ್ಟಿದಾಗ ನಾಲಿಗೆಗೂ ಸೀದದ್ದು ತಿಳಿಯುವುದಿಲ್ಲ, ಆದ್ದರಿಂದ ಚಮಚ ಬಾಯಿಗಿಟ್ಟರೂ ಪ್ರಯೋಜನವಿಲ್ಲ. ಇದ್ದದ್ದು ಅವಳ ಮೂಗು ಒಂದೇ. ನಾನು ಸೋತರೆ ಗೆಲ್ಲುವವಳ ಮೂಗು. ನಂಬಬೇಕು, ಇಲ್ಲ ಕಲಕಿ ಬಡಿಸಬೇಕು.

"ಇನ್ನೊಂದು ಪಾತ್ರೆ ಕೊಡು," ಅಂದೆ.

ಒಲೆ ಆರಿಸಿದೆವು. ತಳ ಅಲುಗದ ಹಾಗೆ, ಮೇಲಿನಿಂದ ಒಂದೊಂದೇ ಸೌಟು ಎತ್ತಿ ನಾನು ಹಿಡಿದೆ. ಅವಳು ಮೂಸಿ ಹೂಂ ಅಂದರೆ ಹೊಸ ಪಾತ್ರೆಗೆ, ತಲೆ ಆಡಿಸಿದರೆ ತೊಟ್ಟಿಗೆ. ಮೊದಲು ಹೂಂ ಹೂಂ ಅನ್ನುತ್ತಿದ್ದವಳು ಅರ್ಧಕ್ಕೆ ಬಂದಾಗ "ಸಾಕು ಅಕ್ಕ, ಇನ್ನು ಬ್ಯಾಡ," ಅಂದಳು. ಅರ್ಧ ಪಾತ್ರೆ ಬೇಳೆ, ಒಂದು ಸಂಜೆಯ ನನ್ನ ಬೆರಳು, ಹಾಗೇ ಉಳಿಯಿತು. ಕೆದಕಿ ನೋಡಿದರೆ ತಳದಲ್ಲಿ ಒಲೆಯ ಸುರುಳಿಯ ಅಳತೆಗೇ ಒಂದು ಕರಿ ಬಳೆ. ಉಳಿದದ್ದಕ್ಕೆ ಬೆಂದ ಆಲೂಗಡ್ಡೆ ಹಾಕಿ, ಮಿಕ್ಕ ಕಾಯಿಯ ಹಾಲು ಹಿಂಡಿ, ತುಪ್ಪದಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಉಪ್ಪನ್ನು ಅವಳೇ ನೋಡಿ ಹೇಳಿದಳು. ನಲವತ್ತು ಜನಕ್ಕೆ ಸಾಲದು, ಅದಕ್ಕೆ ಎಲೆಗೆ ಹುಯ್ಯುವ ಬದಲು ಚಿಕ್ಕ ಬಟ್ಟಲುಗಳಲ್ಲಿ ಕೊಟ್ಟೆವು.

ಅತಿಥಿಗಳು ಬಟ್ಟಲು ಎತ್ತಿ ಕುಡಿದರು. ಫೋಟೊ ಅಜ್ಜಿ ಇನ್ನೊಂದು ಕೇಳಿದಳು, ಇರಲಿಲ್ಲ.

ಊಟ ಮುಗಿದ ಮೇಲೆ ದೊಡ್ಡ ಷೆಫ್ ಇಬ್ಬರನ್ನೂ ದಾಸ್ತಾನು ಕೋಣೆಗೆ ಕರೆದರು. ಸಾರನ್ನು ಬಹಳ ಮೆಚ್ಚಿದರು. ಆಮೇಲೆ, ಎಲೆ ಊಟಕ್ಕೆ ಬಟ್ಟಲು ಯಾಕೆ, ಪಾತ್ರೆ ತುಂಬ ಇದ್ದದ್ದು ಏನಾಯಿತು ಅಂತ ಕೇಳಿದರು.

ಹುಡುಗಿ ನನ್ನ ಕಡೆ ನೋಡಲಿಲ್ಲ. ಬಟ್ಟಲಲ್ಲಿ ಕೊಟ್ಟರೆ ಚಳಿಗೆ ಕೈ ಬೆಚ್ಚಗಾಗುತ್ತದೆ, ಅದು ಅಕ್ಕನ ಯೋಚನೆ ಅಂತ ಹಿಂದಿಯಲ್ಲಿ ಶುರು ಮಾಡಿದಳು. ನಾನು ಸುಮ್ಮನಿದ್ದರೆ ಸಾಕಿತ್ತು. ಜಾಗ ನನ್ನದೇ ಆಗುತ್ತಿತ್ತು, ಷೆಫ್ ಮುಖದಲ್ಲಿ ಕಾಣುತ್ತಿತ್ತು. ನಾನು ಸತ್ಯ ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದ ಅಂತ ಯಾರೂ ತಿಳಿಯಬೇಡಿ. ಮಂಚ ಕೊಡಲು ಬಂದಳು, ಸ್ವೆಟರ್ ಕೊಡಲು ಬಂದಳು, ಕಾಯಿ ಕೊಟ್ಟಳು, ಈಗ ಕೆಲಸವನ್ನೂ ಇವಳೇ ಕೊಡುವುದಾ? ಸೀಸನ್ ಪೂರ್ತಿ ಮೆನು ಕಾರ್ಡಿನಲ್ಲಿ ನನ್ನ ಹೆಸರು ಓದುವಾಗೆಲ್ಲ ಇವಳ ದಾನ ಅಂತ ಓದಬೇಕಾ? ಆ ಉರಿಯಲ್ಲಿ ಬಾಯಿ ತೆರೆದೆ. ನನ್ನ ಮುರುಕು ಹಿಂದಿಯಲ್ಲಿ, ಅವಳ ನೆರವಿಲ್ಲದೆ, ಮೂಗು ಕಟ್ಟಿದ್ದು, ಚಮಚ ಚೆಲ್ಲಿದ್ದು, ಎಲೆಯ ನೆಪದಲ್ಲಿ ಒಲೆ ಬಿಟ್ಟು ಹೋದದ್ದು, ತಳ ಹಿಡಿದದ್ದು, ಇವಳು ಉಳಿಸಿದ್ದು, ಎಲ್ಲ ಹೇಳಿಬಿಟ್ಟೆ.

ಷೆಫ್ ರುಚಿ ಗುರುತಿನ ಹಾಳೆ ತೆಗೆದು ನೋಡಿದರು. "ನೆಗಡಿ ಬಂದದ್ದು ತಪ್ಪಲ್ಲ. ಮುಚ್ಚಿಟ್ಟು ನಲವತ್ತು ಜನಕ್ಕೆ ಬೇಯಿಸಿದ್ದು ತಪ್ಪು," ಅಂದರು. ನನ್ನನ್ನು ಕ್ಯಾಬಿನ್ನಿಗೆ ಕಳಿಸಿದರು. ಪ್ರಯಾಣದ ಕೊನೆಯ ಜೆಟ್ಟಿಯಲ್ಲಿ ಇಳಿಯಬೇಕು ಅಂತ ಸಂಜೆ ಹೇಳಿಕಳಿಸಿದರು. ಹುಡುಗಿ ಸೀಸನ್‌ಗೆ ಉಳಿದಳು.

ಮೇಲಿನ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿ ಅತ್ತೆ. ಮಾರನೆಯ ದಿನ ಅವ್ವನಿಗೆ ಫೋನ್ ಮಾಡಿ, ನೀನು ಹೇಳಿದ ಹಾಗೆ ಬಾಯಿಗಿಕ್ಕಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಅವಳ ಮೇಲೇ ಹಾಕಿದೆ.

"ಮೂಗು ಕಟ್ಟಿದ್ಮೇಲೆ ಒಲೆ ಮುಂದೆ ಒಬ್ಳೇ ಯಾಕ್ ನಿಂತ್ಕಂಡೆ?" ಅಂದಳು ಅವ್ವ. "ನಂಗೆ ನೆಗಡಿ ಬಂದಾಗೆಲ್ಲ ನಿನ್ನ ಕರ್ದು ಪಕ್ಕದಾಗ್ ನಿಲ್ಲಿಸ್ಕತಿರ್ನಿಲ್ವಾ? ಮೂಸು ಮಗ, ಉಪ್ಪು ಸಾಕಾ ನೋಡು ಅಂತಿರ್ನಿಲ್ವಾ? ನಿನ್ ಮೂಗಿಂದ್ಲೇ ಎಷ್ಟು ಮದ್ವೆ ಮಾಡಿದೀನಿ."

ಹೌದು. ಎಂಟೊಂಬತ್ತು ವರ್ಷದವಳಿದ್ದಾಗ ಕೊಪ್ಪರಿಗೆ ಪಕ್ಕ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದಳು. ಅದು ಆಟ ಅಂದುಕೊಂಡಿದ್ದೆ.

ಇಳಿಯುವ ದಿನ ಬೆಳಿಗ್ಗೆ ಚೀಲ ಕಟ್ಟಿ, ಗ್ಯಾಲಿಯವರಿಗೆ ಹೇಳಿ ಹೋಗೋಣ ಅಂತ ಓಣಿಯಲ್ಲಿ ಬರುತ್ತಿದ್ದೆ. ನಡುದಾರಿಯಲ್ಲಿ ಬೆಳ್ಳುಳ್ಳಿ ವಾಸನೆ ಬಂತು. ಅದರ ಹಿಂದೆ ಚಕ್ಕೆ, ಹುರಿದ ಕೊತ್ತಂಬರಿ, ಬೆಂದ ಅವರೆ. ಮೂಗು ಬಿಟ್ಟಿತ್ತು. ಅತಿಥಿಗಳು ಹೊರಡುವ ಊಟಕ್ಕೆ ಅದೇ ಸಾರು ಕೇಳಿದ್ದರಂತೆ. ನಾನು ಬಿಟ್ಟುಬಂದಿದ್ದ ಕಾಳನ್ನು ಹುಡುಗಿ ಒಬ್ಬಳೇ ಹಿದುಕಿ ಮಾಡಿದ್ದಳು. ಬಾಗಿಲಲ್ಲಿ ನಿಂತು ಹಬೆಗೆ ಮುಖ ಕೊಟ್ಟೆ. ಸಾರು ಸರಿಯಾಗಿತ್ತು. ಉಪ್ಪೂ ಸರಿಯಾಗಿತ್ತು. ಅವಳು ನೋಡಿ ಕಲಿತದ್ದು ಒಂದೇ ಸಲ.

"ಅಕ್ಕ, ಬಂದ್ರಾ? ಉಪ್ಪು ಒಂಚೂರು ಕಮ್ಮಿ ಅನ್ನುಸ್ತದೆ. ನೀವೇಳಿ, ಹಾಕ್ತೀನಿ," ಅಂದಳು. ಕೈಯಲ್ಲಿ ಉಪ್ಪಿನ ಚಮಚ ಹಿಡಿದೇ ನಿಂತಿದ್ದಳು. ಹಾಕು ಅಂದರೆ ಸಾಕು, ಹಾಕುವಳು. ಆ ಸಾರು ನಲವತ್ತು ಎಲೆಗೆ ಹೋಗುವುದು. ಹಾಕು ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಇನ್ನೂ ಯಾರ ಎಲೆಗೂ ಬಿದ್ದಿರದ ಸಾರು. ರುಚಿ ನೋಡುವ ಚಮಚ ತೆಗೆದು, ತುಂಬಿಸಿ, ಬಾಯಿಗೆ ಇಟ್ಟೆ. ಹುಟ್ಟಿದ ಮೇಲೆ ಮೊದಲನೆಯ ಸಲ. ಏನಾದರೂ ಒಂದು ಕುಂದು ಸಿಗಲಿ ಅಂತ ನಾಲಿಗೆಯ ಮೇಲೆ ಆಡಿಸಿ ಹುಡುಕಿದೆ. ಮಸಾಲೆ ಹಸಿ ಇದೆಯಾ, ಕಾಯಿ ಒಡೆದಿದೆಯಾ, ಬೇಳೆ ಕರಗಿದೆಯಾ. ಮತ್ತೆ ಒಂದು ಚಮಚ ತೆಗೆದು ಹುಡುಕಿದೆ.

ಹುಡುಗಿ ನನ್ನ ಮುಖ ನೋಡುತ್ತಿದ್ದಳು.

"ಸರಿಯಾಗೈತೆ ಕಣೆ," ಅಂದೆ. "ಇನ್ನೇನೂ ಮುಟ್ಟಬ್ಯಾಡ."